ಹಸಿರು ಚುಕ್ಕೆ, ಪ್ರಯೋಗಾಲಯದ ವರದಿ ಮತ್ತು ಶ್ರಾವಕನ ಪ್ರಶ್ನೆ

ಆಹಾರಶುದ್ಧಿಯೆಂಬುದು ಜೈನ ಗೃಹಸ್ಥಧರ್ಮದ ಹೊಸ್ತಿಲು. ನೀರನ್ನು ಬಟ್ಟೆಯಿಂದ ಸೋಸುವುದು, ಕಾಳನ್ನು ಆರಿಸಿ ನೋಡಿ ಬೇಯಿಸುವುದು, ಹಿಟ್ಟಿನ ಅವಧಿಯನ್ನು ಋತುವಿಗೆ ತಕ್ಕಂತೆ ಎಣಿಸುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಇವೆಲ್ಲವೂ ಒಂದು ಅರ್ಥದಲ್ಲಿ ಪರೀಕ್ಷೆಗಳೇ ಆಗಿವೆ. ಶ್ರಾವಿಕೆಯ ಅಡುಗೆಮನೆಯು ಶತಮಾನಗಳಿಂದ ಸಮಾಜದ ಪ್ರಯೋಗಾಲಯವಾಗಿ ನಿಂತಿದೆ. ಆದರೆ ಈಚಿನ ದಶಕಗಳಲ್ಲಿ ಈ ಅಡುಗೆಮನೆಯನ್ನು ಹಾಯದೆಯೇ ನೇರವಾಗಿ ಬಾಯಿಗೆ ಸೇರುವ ಪದಾರ್ಥಗಳ ಒಂದು ವರ್ಗವು ಮನೆಮನೆಯಲ್ಲಿ ನೆಲೆಯೂರಿದೆ. ವಿಟಮಿನ್ ಗುಳಿಗೆ, ಕ್ಯಾಲ್ಸಿಯಂ ಮಾತ್ರೆ, ಮೊಣಕಾಲು ನೋವಿನ ಪೂರಕ, ಮಕ್ಕಳಿಗೆ ಪ್ರೋಟೀನ್ ಪುಡಿ, ಹೃದಯಕ್ಕೆ ಒಮೆಗಾ ಎಣ್ಣೆಯ ಕ್ಯಾಪ್ಸೂಲ್ ಇವೇ ಆ ಪದಾರ್ಥಗಳು. ಬದನೆಕಾಯಿಯನ್ನು ಬಿಡಿಸಿ ಹುಳು ನೋಡುವ ಕೈಯೇ ಈ ಡಬ್ಬಿಯ ಮುಚ್ಚಳವನ್ನು ಕಣ್ಣುಮುಚ್ಚಿ ತೆರೆಯುತ್ತಿದೆ.

ಚಿತ್ರದುರ್ಗದ ಬಳಿಯ ಮದಕರಿಪುರದಿಂದ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳವರೆಗೆ ಯಾವ ಔಷಧದಂಗಡಿಯಲ್ಲಿಯೂ ಇವು ದೊರೆಯುತ್ತವೆ. ಆರೋಗ್ಯ ಶಿಬಿರ ನಡೆಸುವ ಟ್ರಸ್ಟುಗಳು ಇವನ್ನು ದಾನದ ಹಣದಿಂದ ಕೊಂಡು ಹಂಚುವುದೂ ಉಂಟು. ಯಾರಾದರೂ ಹಿರಿಯರು “ಇದು ನಮಗೆ ಸಲ್ಲುವುದೇ?” ಎಂದು ಕೇಳಿದರೆ ಸಿದ್ಧವಾದ ಎರಡು ಉತ್ತರಗಳಿವೆ. “ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆ” ಎಂಬುದು ಮೊದಲನೆಯದು. “ಕಂಪನಿಯವರು ಲ್ಯಾಬ್ ರಿಪೋರ್ಟ್ ಕೊಟ್ಟಿದ್ದಾರೆ” ಎಂಬುದು ಎರಡನೆಯದು. ಈ ಎರಡು ಉತ್ತರಗಳೂ ಸುಳ್ಳಲ್ಲ. ಆದರೆ ಎರಡೂ ಬೇರೆ ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರಗಳು. ಹಿರಿಯರು ಕೇಳಿದ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ.

ಮೊದಲು ಹಸಿರು ಚುಕ್ಕೆಯ ವಿಚಾರ. ಭಾರತದಲ್ಲಿ ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರ, ಮಾಂಸಾಹಾರಗಳ ಗುರುತು ಕಡ್ಡಾಯವಾದುದು 2001ರ ನಿಯಮಗಳಿಂದ. ಇದು ಜೈನರಿಗೂ ಇತರ ಸಸ್ಯಾಹಾರಿಗಳಿಗೂ ಆದ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚುಕ್ಕೆಯ ಅರ್ಥವನ್ನು ನಿರ್ಣಯಿಸುವುದು ಕಾನೂನೇ ಹೊರತು ಶ್ರಾವಕಾಚಾರವಲ್ಲ. 2020ರ ಲೇಬಲ್ ನಿಯಮಾವಳಿಯು ಮಾಂಸಾಹಾರವನ್ನು ವ್ಯಾಖ್ಯಾನಿಸುವಾಗ ಪಶು, ಪಕ್ಷಿ, ಕೀಟ, ಜಲಚರ, ಮೊಟ್ಟೆ ಹಾಗೂ ಪ್ರಾಣಿಜನ್ಯ ಪದಾರ್ಥಗಳನ್ನು ಹೆಸರಿಸುತ್ತದೆ. ಅನಂತರ ಹಾಲು ಮತ್ತು ಹಾಲಿನ ಪದಾರ್ಥಗಳೊಡನೆ ಜೇನು, ಜೇನುಮೇಣ ಮತ್ತು ಅರಗುಗಳನ್ನೂ ಅದರಿಂದ ಹೊರಗಿಡುತ್ತದೆ. ಎಂದರೆ ಜೇನು ಬೆರೆತ ಲೇಹ್ಯಕ್ಕೂ, ಹೊಳಪಿಗಾಗಿ ಅರಗಿನ ಲೇಪ ಕೊಟ್ಟ ಮಾತ್ರೆಗೂ ಹಸಿರು ಚುಕ್ಕೆ ನ್ಯಾಯವಾಗಿಯೇ ಸಲ್ಲುತ್ತದೆ. ಅರಗು ಎಂಬುದು ಮರದ ಕೊಂಬೆಗಳಿಗೆ ಅಂಟಿ ಬದುಕುವ ಅಸಂಖ್ಯ ಕೀಟಗಳ ಸ್ರಾವ. ಕೊಂಬೆಯಿಂದ ಅದನ್ನು ಕೆರೆದು ಶುದ್ಧಿಮಾಡುವಾಗ ಆ ಕೀಟಗಳ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ಮೂರರೊಡನೆ ಪಂಚಾಣುವ್ರತಗಳನ್ನು ಸೇರಿಸಿದರೆ, ಅಮೃತಚಂದ್ರಸೂರಿಗಳ ‘ಪುರುಷಾರ್ಥಸಿದ್ಧ್ಯುಪಾಯ’ವು ಐದು ಉದುಂಬರ ಫಲಗಳ ತ್ಯಾಗವನ್ನು ಸೇರಿಸುತ್ತದೆ. ಎಣಿಕೆಯಲ್ಲಿ ಭೇದವಿದ್ದರೂ ಮಧುವಿನ ವಿಷಯದಲ್ಲಿ ಭೇದವಿಲ್ಲ. ಇನ್ನು ಗುಳಿಗೆಯನ್ನು ಕಟ್ಟಲು ಬಳಸುವ ಪಿಷ್ಟವು ಆಲೂಗಡ್ಡೆಯದಾಗಿರಬಹುದು, ಮರಗೆಣಸಿನದಾಗಿರಬಹುದು. ವಿಟಮಿನ್ ಡಿ2 ಎಂಬುದು ಯೀಸ್ಟ್ ಅಥವಾ ಅಣಬೆಯಿಂದ ಬಂದಿರಬಹುದು. ಇವೆಲ್ಲಕ್ಕೂ ಹಸಿರು ಚುಕ್ಕೆಯೇ. ಸರ್ಕಾರವು ಜೈನರಿಗಾಗಿ ಬೇರೆ ಚುಕ್ಕೆ ಮಾಡಬೇಕೆಂದು ಇದರರ್ಥವಲ್ಲ. ಚುಕ್ಕೆಯು ಹೇಳದ ಮಾತನ್ನು ಚುಕ್ಕೆಯ ಬಾಯಿಗೆ ತುರುಕಬಾರದೆಂಬುದಷ್ಟೇ ಇಲ್ಲಿನ ಆಶಯ.

ಚುಕ್ಕೆಯನ್ನು ಹಾಕುವವನು ತಯಾರಕನೇ ಎಂಬುದೂ ನೆನಪಿರಬೇಕು. ಹಲವು ಘಟಕಗಳು ಲೇಬಲ್ಲಿನಲ್ಲಿ ಬರಿಯ ಸಂಖ್ಯೆಯಾಗಿ ಕಾಣಿಸಿಕೊಳ್ಳುತ್ತವೆ. ದೆಹಲಿ ಉಚ್ಚ ನ್ಯಾಯಾಲಯವು 2021ರ ಡಿಸೆಂಬರ್ 9ರಂದು ನೀಡಿದ ಆದೇಶದಲ್ಲಿ, ಇ631 ಎಂಬ ರುಚಿವರ್ಧಕದ ಉದಾಹರಣೆಯನ್ನೆತ್ತಿಕೊಂಡು, ಘಟಕದ ಸಂಖ್ಯೆಯನ್ನಷ್ಟೇ ಹೇಳಿದರೆ ಸಾಲದು, ಅದು ಸಸ್ಯಮೂಲವೋ, ಪ್ರಾಣಿಮೂಲವೋ, ಪ್ರಯೋಗಾಲಯದಲ್ಲಿ ತಯಾರಾದುದೋ ಎಂಬುದನ್ನು ಪ್ರಕಟಪಡಿಸಬೇಕೆಂದು ಹೇಳಿತು. ಪ್ರಮಾಣ ಎಷ್ಟೇ ಅಲ್ಪವಾಗಿದ್ದರೂ ಪ್ರಾಣಿಮೂಲದ ಘಟಕವಿರುವ ಆಹಾರ ಮಾಂಸಾಹಾರವೇ ಎಂದು ಸ್ಪಷ್ಟಪಡಿಸಿತು. ಶ್ರಾವಕನ ಪ್ರಶ್ನೆಯು ಅತಿರೇಕದ್ದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಎರಡನೆಯ ಉತ್ತರವಾದ ಪ್ರಯೋಗಾಲಯದ ವರದಿ. “ಪರೀಕ್ಷಿಸಲಾಗಿದೆ” ಎಂಬ ಒಂದು ಪದದ ಮುಂದೆ ವಿದ್ಯಾವಂತರೂ ತಲೆಬಾಗುತ್ತಾರೆ. ಆದರೆ ಪರೀಕ್ಷೆಯೆಂಬ ಒಂದೇ ವಸ್ತುವಿಲ್ಲ. ಒಂದೊಂದು ವಿಧಾನವೂ ಒಂದೊಂದು ಪ್ರಶ್ನೆಯನ್ನು ಮಾತ್ರ ಕೇಳುತ್ತದೆ ಮತ್ತು ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಜೈನ ನ್ಯಾಯದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ನಯ. ವಸ್ತುವನ್ನು ಒಂದು ಪಾರ್ಶ್ವದಿಂದ ನೋಡಿದ ಜ್ಞಾನ. ನಯವನ್ನು ನಯವೆಂದು ತಿಳಿದರೆ ಉಪಕಾರ, ಅದನ್ನೇ ಪೂರ್ಣ ಪ್ರಮಾಣವೆಂದು ಹಿಡಿದರೆ ದುರ್ನಯ. ವರದಿಯನ್ನು ತೋರಿಸಿ ಬಾಯಿ ಮುಚ್ಚಿಸುವವರು ಮಾಡುತ್ತಿರುವುದು ಈ ಎರಡನೆಯ ಕೆಲಸ.

ವಿಟಮಿನ್ ಡಿ3ರ ಉದಾಹರಣೆಯನ್ನೇ ನೋಡಬಹುದು. ಮಾರುಕಟ್ಟೆಗೆ ಬರುವ ಡಿ3ರ ಬಹುಭಾಗವು ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಎಂಬ ಜಿಡ್ಡಿನಿಂದ ತಯಾರಾಗುತ್ತದೆ. ಕಲ್ಲುಹೂವಿನ ಜಾತಿಗೆ ಸೇರಿದ ಲೈಕೆನ್‌ಗಳಿಂದ ತೆಗೆದ ಡಿ3 ಕೂಡ ಉಂಟು. ಎಚ್‌ಪಿಎಲ್‌ಸಿ ಎಂದು ಹೆಸರಾದ ದ್ರವ ವರ್ಣರೇಖನ ಯಂತ್ರಕ್ಕೆ ಈ ಗುಳಿಗೆಯನ್ನು ಕೊಟ್ಟರೆ, ಅದರಲ್ಲಿ ಡಿ3 ಇದೆಯೇ, ಲೇಬಲ್ಲಿನಲ್ಲಿ ಹೇಳಿದಷ್ಟು ಇದೆಯೇ ಎಂಬುದನ್ನು ಅದು ಬಹು ನಿಖರವಾಗಿ ಹೇಳುತ್ತದೆ. ಡಿ2 ಮತ್ತು ಡಿ3ರ ನಡುವಣ ಭೇದವನ್ನೂ ಹೇಳುತ್ತದೆ, ಏಕೆಂದರೆ ಅವು ಬೇರೆ ಬೇರೆ ಅಣುಗಳು. ಆದರೆ ಕುರಿಯಿಂದ ಬಂದ ಡಿ3 ಹಾಗೂ ಲೈಕೆನ್‌ನಿಂದ ಬಂದ ಡಿ3 ಒಂದೇ ಅಣು. ಯಂತ್ರಕ್ಕೆ ಅಣು ಕಾಣುತ್ತದೆ, ಕುರಿ ಕಾಣುವುದಿಲ್ಲ. ಮೊಣಕಾಲಿನ ಪೂರಕವೆಂದು ಮಾರುವ ಗ್ಲುಕೋಸಮೈನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಜೋಳದ ಸಕ್ಕರೆಯ ಹುದುಗುವಿಕೆಯಿಂದಲೂ ಅದನ್ನು ತಯಾರಿಸುತ್ತಾರೆ. ಅಲ್ಲಿಯೂ ಅಣು ಒಂದೇ. ಕ್ಯಾಲ್ಸಿಯಂ ಕಾರ್ಬೊನೇಟ್ ಹೊಸದುರ್ಗದ ನೆಲದಲ್ಲಿ ಸಿಗುವಂಥ ಸುಣ್ಣಕಲ್ಲಿನಿಂದಲೂ ಬರಬಹುದು, ಕಡಲ ಸಿಂಪಿಯ ಚಿಪ್ಪಿನಿಂದಲೂ ಬರಬಹುದು. ಕ್ಯಾಲ್ಸಿಯಂ ಎಷ್ಟಿದೆಯೆಂದು ಅಳೆಯುವ ಪರೀಕ್ಷೆಗೆ ಎರಡೂ ಸಮ. ಗುಳಿಗೆ ಯಂತ್ರಕ್ಕೆ ಅಂಟದಂತೆ ಬೆರೆಸುವ ಮೆಗ್ನೀಸಿಯಂ ಸ್ಟಿಯರೇಟ್ ತಾಳೆಯೆಣ್ಣೆಯಿಂದಲೂ ಆಗುತ್ತದೆ, ಪಶುವಿನ ಕೊಬ್ಬಿನಿಂದಲೂ ಆಗುತ್ತದೆ. ಹೀಗೆ ಶ್ರಾವಕನಿಗೆ ಯಾವುದು ಮುಖ್ಯವೋ ಅದನ್ನೇ ರೂಢಿಯ ಪರೀಕ್ಷೆಗಳು ಕೇಳುವುದಿಲ್ಲ. ವಸ್ತುವು ಏನೆಂಬುದನ್ನು ಪ್ರಯೋಗಾಲಯ ಹೇಳಬಲ್ಲುದು; ಯಾವ ಜೀವದಿಂದ ಬಂತೆಂಬುದನ್ನು ಎಲ್ಲ ಸಲವೂ ಹೇಳಲಾರದು.

ಹಾಗೆಂದು ಪ್ರಯೋಗಾಲಯವೇ ವ್ಯರ್ಥವೆನ್ನುವವರ ವಾದವೂ ನಿಲ್ಲುವುದಿಲ್ಲ. ಕ್ಯಾಪ್ಸೂಲಿನ ಕವಚವನ್ನು ತೆಗೆದುಕೊಳ್ಳಬಹುದು. ಅದು ದನ, ಹಂದಿ ಮುಂತಾದ ಪಶುಗಳ ಎಲುಬು, ಚರ್ಮಗಳಿಂದ ತೆಗೆದ ಜೆಲಾಟಿನ್ ಆಗಿರಬಹುದು, ಸಸ್ಯದ ನಾರಿನಿಂದ ತಯಾರಾದ ಸೆಲ್ಯುಲೋಸ್ ಆಗಿರಬಹುದು. ಜೆಲಾಟಿನ್ ಯಾವ ಪಶುವಿನದೆಂದು ಕಂಡುಹಿಡಿಯುವುದು ಕಷ್ಟದ ಕೆಲಸ. ಆಮ್ಲ, ಕ್ಷಾರ ಮತ್ತು ಶಾಖಗಳಲ್ಲಿ ಬೆಂದು ಅದರ ಡಿಎನ್‌ಎ ಚೂರುಚೂರಾಗಿರುತ್ತದೆ. ಪ್ರೋಟೀನಿನ ತುಣುಕುಗಳನ್ನು ಗುರುತಿಸುವ ದುಬಾರಿ ಯಂತ್ರಗಳು ಬೇಕಾಗುತ್ತವೆ. ಆದರೆ ಜೈನನಿಗೆ ಅದು ಹಸುವಿನದೋ ಹಂದಿಯದೋ ಎಂಬ ಪ್ರಶ್ನೆಯೇ ಇಲ್ಲ. ಎರಡೂ ಪಂಚೇಂದ್ರಿಯ ಜೀವಿಗಳೇ. ಕವಚವು ಪ್ರೋಟೀನೋ ಸೆಲ್ಯುಲೋಸೋ ಎಂಬುದಷ್ಟೇ ಗೊತ್ತಾದರೆ ಸಾಕು. ಅದನ್ನು ಇನ್‌ಫ್ರಾರೆಡ್ ಕಿರಣದ ಸರಳ ಪರೀಕ್ಷೆಯು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತದೆ. ಮನೆಯಲ್ಲಿಯೂ ಸುಳಿವು ಸಿಗುತ್ತದೆ. ಖಾಲಿ ಕವಚವನ್ನು ಸುಟ್ಟರೆ ಜೆಲಾಟಿನ್ ಕೂದಲು ಸುಟ್ಟಂತೆ ನಾರುತ್ತದೆ, ಸೆಲ್ಯುಲೋಸ್ ಕಾಗದ ಸುಟ್ಟಂತೆ. ಹಾಗೆಯೇ ಪಿಷ್ಟವು ಆಲೂಗಡ್ಡೆಯದೋ ಮೆಕ್ಕೆಜೋಳದ್ದೋ ಎಂಬುದಕ್ಕೆ ಕಾಲೇಜಿನ ಸೂಕ್ಷ್ಮದರ್ಶಕವೇ ಸಾಕು. ಆಲೂಗಡ್ಡೆಯ ಪಿಷ್ಟಕಣ ದೊಡ್ಡದು, ಮೊಟ್ಟೆಯಾಕಾರದ್ದು. ಮೆಕ್ಕೆಜೋಳದ್ದು ಚಿಕ್ಕದು, ಕೋನಗಳುಳ್ಳದ್ದು.

ಆದುದರಿಂದ ದುಬಾರಿ ಪರೀಕ್ಷೆ ಒಳ್ಳೆಯದು, ಅಗ್ಗದ ಪರೀಕ್ಷೆ ಕೀಳು ಎಂಬ ಎಣಿಕೆ ತಪ್ಪು. ಡಿ3ರ ವಿಷಯದಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರವೂ ಶ್ರಾವಕನಿಗೆ ಉತ್ತರ ಕೊಡದು. ಕವಚದ ವಿಷಯದಲ್ಲಿ ಅಲ್ಪವೆಚ್ಚದ ಪರೀಕ್ಷೆಯೇ ಉತ್ತರ ಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ತಿಳಿಯದವನಿಗೆ ಯಾವ ಯಂತ್ರವೂ ಪ್ರಯೋಜನಕ್ಕೆ ಬಾರದು.

ಪ್ರಶ್ನೆಯನ್ನು ತಿಳಿಯದೆ ಉತ್ತರವನ್ನು ನಂಬಿದುದರ ಫಲವನ್ನು ಲೋಕವು ಈಗಾಗಲೇ ಕಂಡಿದೆ. 1883ರಲ್ಲಿ ಡೆನ್ಮಾರ್ಕಿನ ರಸಾಯನಜ್ಞ ಯೋಹಾನ್ ಕೆಲ್ಡಾಲ್ ರೂಪಿಸಿದ ವಿಧಾನವು ಆಹಾರದಲ್ಲಿನ ಸಾರಜನಕವನ್ನು ಅಳೆಯುತ್ತದೆ. ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಸಾರಜನಕವು ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ. 2008ರಲ್ಲಿ ಚೀನಾ ದೇಶದಲ್ಲಿ ನೀರು ಬೆರೆತ ಹಾಲಿಗೆ ಮೆಲಮೈನ್ ಎಂಬ ಸಾರಜನಕ ಸಮೃದ್ಧ ರಾಸಾಯನಿಕವನ್ನು ಸೇರಿಸಿ ಈ ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸಿದರು. ಸುಮಾರು 3 ಲಕ್ಷ ಹಸುಗೂಸುಗಳು ಅಸ್ವಸ್ಥವಾದವು, 6 ಶಿಶುಗಳು ಸತ್ತವು. ಇಂದಿನ ಪ್ರೋಟೀನ್ ಪುಡಿಯ ಡಬ್ಬಿಯ ಮೇಲಿನ ಅಂಕಿಯೂ ಇದೇ ಬಗೆಯ ಲೆಕ್ಕದಿಂದ ಬಂದಿರಬಹುದೆಂಬುದನ್ನು ತಾಯಂದಿರು ಅರಿಯಬೇಕು. ಭಾರತದಲ್ಲಿಯೇ 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರಾಂಡುಗಳ ಜೇನನ್ನು ಜರ್ಮನಿಯಲ್ಲಿ ಎನ್‌ಎಂಆರ್ ವಿಧಾನದಿಂದ ಪರೀಕ್ಷಿಸಿದಾಗ 3 ಮಾತ್ರ ಉತ್ತೀರ್ಣವಾದವೆಂದು ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು ದೇಶದ ರೂಢಿಯ ಪರೀಕ್ಷೆಗಳನ್ನು ದಾಟಿದ್ದವು. ಕಂಪನಿಗಳು ಇದನ್ನು ಒಪ್ಪಲಿಲ್ಲ. ಜೈನನಿಗೆ ಜೇನು ಬೇಡದ ವಸ್ತುವಾದರೂ ಪಾಠ ಬೇಕಾದುದೇ: ಪರೀಕ್ಷೆ ಯಾವುದೆಂದು ಮೊದಲೇ ತಿಳಿದಿದ್ದರೆ ಅದನ್ನು ದಾಟುವಂಥ ಕಲಬೆರಕೆಯೂ ತಯಾರಾಗುತ್ತದೆ.

ತಪ್ಪು ವಿಧಾನವು ಮಾರುವವನಿಗೂ ಅನ್ಯಾಯ ಮಾಡಬಲ್ಲುದು. 2015ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರು ಗಿಡಮೂಲಿಕೆ ಪೂರಕಗಳನ್ನು ಡಿಎನ್‌ಎ ವಿಧಾನದಿಂದ ಪರೀಕ್ಷಿಸಿ, ಹೇಳಿದ ಗಿಡವೇ ಇಲ್ಲವೆಂದು ನಾಲ್ಕು ದೊಡ್ಡ ಮಾರಾಟ ಸಂಸ್ಥೆಗಳಿಗೆ ನೋಟಿಸು ಕೊಟ್ಟರು. ಆಗ ಅನೇಕ ವಿಜ್ಞಾನಿಗಳು ಆಕ್ಷೇಪವೆತ್ತಿದರು. ಗಿಡವನ್ನು ಕುದಿಸಿ ಸತ್ತ್ವ ತೆಗೆದ ಮೇಲೆ ಅದರಲ್ಲಿ ಡಿಎನ್‌ಎ ಉಳಿಯದಿರಬಹುದು. ಇಲ್ಲವೆಂಬ ಉತ್ತರದಿಂದ ಗಿಡವಿರಲಿಲ್ಲವೆಂದು ಸಿದ್ಧವಾಗದು ಎಂಬುದು ಅವರ ವಾದ. “ಪತ್ತೆಯಾಗಿಲ್ಲ” ಎಂದು ವರದಿಯಲ್ಲಿ ಬರೆದರೆ, ಆ ವಿಧಾನದಿಂದ, ಆ ಮಿತಿಯೊಳಗೆ ಕಾಣಲಿಲ್ಲ ಎಂದಷ್ಟೇ ಅರ್ಥ. ಸ್ಯಾದ್ವಾದವನ್ನು ಓದಿದ ಸಮಾಜಕ್ಕೆ ಇದು ಹೊಸ ಮಾತಲ್ಲ. ಆ ವಾಕ್ಯದ ಹಿಂದೆ ಬರೆಯದೆ ಉಳಿದ ‘ಸ್ಯಾತ್’ ಒಂದಿದೆ.

ಚಳ್ಳಕೆರೆ, ಹಿರಿಯೂರುಗಳ ಶೇಂಗಾ ವ್ಯಾಪಾರವನ್ನು ಬಲ್ಲವರಿಗೆ ಇನ್ನೊಂದು ಮಾತನ್ನು ಸುಲಭವಾಗಿ ಹೇಳಬಹುದು. ಮಾರುವವನು ಅಂಗೈಯಲ್ಲಿ ಹಿಡಿದು ತಂದ ಕಾಳನ್ನು ನೋಡಿ ಯಾವ ವರ್ತಕನೂ ಲೋಡು ಕೊಳ್ಳುವುದಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ಮಧ್ಯದ ಕಾಳನ್ನು ತಾನೇ ತೆಗೆದು, ಒಡೆದು, ತೂಗಿ ನೋಡುತ್ತಾನೆ. ಅದೇ ವರ್ತಕನು ಟ್ರಸ್ಟಿನ ಪದಾಧಿಕಾರಿಯಾಗಿ ಕುಳಿತಾಗ ಕಂಪನಿಯು ತಾನೇ ಆರಿಸಿ, ತಾನೇ ಕಳುಹಿಸಿ, ತಾನೇ ಹಣ ತೆತ್ತು ಮಾಡಿಸಿದ ಪರೀಕ್ಷೆಯ ಜೆರಾಕ್ಸ್ ಪ್ರತಿಯನ್ನು ನೋಡಿ ತೃಪ್ತನಾಗುವುದು ಹೇಗೆ? ಫಲಿತಾಂಶವು ಒಪ್ಪಿಸಿದ ಮಾದರಿಗೆ ಮಾತ್ರ ಅನ್ವಯಿಸುವುದೆಂದು ಪ್ರಯೋಗಾಲಯಗಳು ವರದಿಯಲ್ಲಿಯೇ ನಮೂದಿಸುತ್ತವೆ. ಆ ಸಾಲನ್ನು ಓದಿದವರು ವಿರಳ. ಕೈಯಲ್ಲಿರುವ ಡಬ್ಬಿಯ ಬ್ಯಾಚ್ ಸಂಖ್ಯೆಯೂ ವರದಿಯ ಬ್ಯಾಚ್ ಸಂಖ್ಯೆಯೂ ಒಂದೇ ಹೌದೋ ಎಂದು ನೋಡಿದವರು ಇನ್ನೂ ವಿರಳ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೆಂದರೂ ಅದು ಹೆಸರಿಸಿದ ಪರೀಕ್ಷೆಗಳಿಗೆ ಮಾತ್ರ ಸಲ್ಲುವ ಮಾನ್ಯತೆ. ಈ ಪರೀಕ್ಷೆ ಆ ಪಟ್ಟಿಯಲ್ಲಿದೆಯೇ ಎಂದು ಕೇಳಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. “ಔಷಧಕ್ಕೆ ನಿಯಮವಿಲ್ಲ, ಶರೀರವಿದ್ದರೆ ಧರ್ಮ” ಎಂದು ಹಲವರು ಹೇಳುತ್ತಾರೆ. ರೋಗಿಗೆ ವೈದ್ಯನು ಬರೆದುಕೊಟ್ಟ ಔಷಧವನ್ನು ಸಂಶಯದಿಂದ ನಿಲ್ಲಿಸಬೇಕೆಂದು ಯಾರೂ ಹೇಳಲಾರರು; ಹೇಳಿದರೆ ಅದೂ ಹಿಂಸೆಯೇ. ಔಷಧದ ಪೊಟ್ಟಣಗಳ ಮೇಲೂ ಗುರುತು ಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2002ರಲ್ಲಿ ಕೊಟ್ಟ ನಿರ್ದೇಶವನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ರದ್ದುಪಡಿಸಿತು. ಅಲ್ಲಿಗೆ ಔಷಧದ ಮಾತು ಬೇರೆಯೇ. ಆದರೆ ಪೂರಕಗಳು ಔಷಧಗಳಲ್ಲ. 2016ರ ನಿಯಮಾವಳಿಯಿಂದ ಅವು ಆಹಾರದ ಕಾನೂನಿಗೆ ಒಳಪಟ್ಟಿವೆ. ಅವುಗಳ ಲೇಬಲ್ಲಿನಲ್ಲಿಯೇ ಔಷಧೋಪಯೋಗಕ್ಕಲ್ಲವೆಂಬ ಸೂಚನೆಯಿರಬೇಕು. ತಾನು ಔಷಧವಲ್ಲವೆಂದು ತಾನೇ ಸಾರುವ ವಸ್ತುವಿಗೆ ಔಷಧದ ರಿಯಾಯಿತಿಯನ್ನು ಕೊಡುವುದು ಯಾವ ನ್ಯಾಯ? ನಿಜವಾದ ಕೊರತೆಯಿದ್ದವರಿಗೆ ದಾರಿಯೂ ಮುಚ್ಚಿಲ್ಲ. ಸಸ್ಯಾಹಾರಿಗಳಲ್ಲಿ ಕಾಣುವ ಬಿ12 ಕೊರತೆಗೆ ಕೊಡುವ ವಿಟಮಿನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಕವಚ ಮತ್ತು ಕಟ್ಟುವ ಪದಾರ್ಥವನ್ನು ವಿಚಾರಿಸಿದರೆ ಯೋಗ್ಯವಾದ ಗುಳಿಗೆ ಸಿಗುತ್ತದೆ.

“ಇಷ್ಟು ಸೂಕ್ಷ್ಮವಾಗಿ ನೋಡಿದರೆ ಬದುಕುವುದೆಂತು?” ಎಂಬುದು ಎರಡನೆಯ ಆಕ್ಷೇಪ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ಣವಾಗಿ ತಪ್ಪವೆಂದು ಆಚಾರ್ಯರು ಬಲ್ಲರು. ಆದರೆ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ತಿಳಿಯಲಾರದುದು ಬೇರೆ, ತಿಳಿಯಬಹುದಾದುದನ್ನು ತಿಳಿಯದೆ ಬಿಡುವುದು ಬೇರೆ. ಒಂದು ಪತ್ರ ಬರೆದು ಕೇಳಬಹುದಾದುದನ್ನು ಕೇಳದೆ ಕೊಳ್ಳುವುದು ಪ್ರಮಾದ. ಕೇಳಿ, ಉತ್ತರ ಬಾರದಿದ್ದರೂ ಕೊಳ್ಳುವುದು ಅನುಮೋದನೆ.

ಮಾರಾಟದ ಕಡೆಯಲ್ಲಿ ಕುಳಿತ ಜೈನರಿಗೂ ಅದೇ ಗ್ರಂಥದ ಏಳನೆಯ ಅಧ್ಯಾಯ ಎಚ್ಚರಿಕೆ ಕೊಡುತ್ತದೆ. ಸುಳ್ಳು ದಾಖಲೆ ಬರೆಯುವ ಕೂಟಲೇಖಕ್ರಿಯೆ ಸತ್ಯಾಣುವ್ರತದ ಅತಿಚಾರ. ತೂಕ ಅಳತೆಗಳಲ್ಲಿ ವಂಚಿಸುವ ಹೀನಾಧಿಕಮಾನೋನ್ಮಾನ ಮತ್ತು ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವ ಪ್ರತಿರೂಪಕವ್ಯವಹಾರ ಅಚೌರ್ಯಾಣುವ್ರತದ ಅತಿಚಾರಗಳು. ಲೇಬಲ್ಲಿನಲ್ಲಿ ಹೇಳಿದಷ್ಟು ಇಲ್ಲದ ಗುಳಿಗೆ, ಬೇರೆ ಬ್ಯಾಚಿನ ವರದಿ, ಮೂಲವನ್ನು ಮರೆಮಾಚಿದ ಘಟಕ ಇವುಗಳಿಗೆ ಇಂದಿನ ಕಾನೂನು ಯಾವ ಹೆಸರನ್ನು ಕೊಟ್ಟರೂ ಶಾಸ್ತ್ರವು ಅಂದೇ ಹೆಸರಿಟ್ಟಿದೆ. ವಿತರಕನಾದ ಜೈನನು “ಕಂಪನಿ ಹೇಳಿದ್ದನ್ನು ಹೇಳಿದೆ” ಎಂದು ಪಾರಾಗಲಾರನು.

ಟ್ರಸ್ಟುಗಳು ಮಾಡಬೇಕಾದುದು ಕಠಿಣವೇನಲ್ಲ. ಮೊದಲನೆಯದಾಗಿ, ಹಂಚುವ ಪ್ರತಿಯೊಂದು ಪೂರಕಕ್ಕೂ ಅದರ ಸಕ್ರಿಯ ಘಟಕ, ಕವಚ, ಕಟ್ಟುವ ಪದಾರ್ಥ, ಲೇಪ, ಬಣ್ಣ ಈ ಐದರ ಮೂಲವೇನೆಂದು ತಯಾರಕನಿಂದ ಬ್ಯಾಚ್ ಸಂಖ್ಯೆ ಸಹಿತ ಲಿಖಿತ ಹೇಳಿಕೆ ಪಡೆಯಬೇಕು. ಅಣುವು ಹೇಳದ ಮೂಲವನ್ನು ಕಾಗದವೇ ಹೇಳಬೇಕಷ್ಟೆ; ಸುಳ್ಳು ಹೇಳಿದವನು ಆಗ ಸಿಕ್ಕಿಬೀಳುತ್ತಾನೆ. ಎರಡನೆಯದಾಗಿ, ಪರೀಕ್ಷೆಯಿಂದ ತಿಳಿಯಬಹುದಾದುದನ್ನು, ಎಂದರೆ ಕವಚ, ಪಿಷ್ಟ, ಹೇಳಿದ ಪ್ರಮಾಣ, ಸೀಸದಂಥ ವಿಷಲೋಹ ಇವನ್ನು, ಅಂಗಡಿಯಿಂದ ತಾವೇ ಕೊಂಡ ಮಾದರಿಯ ಮೇಲೆ ಪರೀಕ್ಷಿಸಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಕಲಮು ಈ ಹಕ್ಕನ್ನು ಕೊಳ್ಳುವವನಿಗೆ ಕೊಟ್ಟಿದೆ. ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿ, ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪದಾರ್ಥವು ಕಾಯ್ದೆಗೆ ವಿರುದ್ಧವೆಂದು ಕಂಡುಬಂದರೆ ಶುಲ್ಕವನ್ನು ಮರಳಿ ಪಡೆಯಬಹುದು. ಒಂದು ಊರಿನ ಟ್ರಸ್ಟಿಗೆ ವೆಚ್ಚ ಹೆಚ್ಚೆನಿಸಿದರೆ ನಾಲ್ಕು ಊರುಗಳು ಕೂಡಿ ಭರಿಸಬಹುದು. ಮೂರನೆಯದಾಗಿ, ಹೇಳಿಕೆಯನ್ನೂ ವರದಿಯನ್ನೂ ಬಸದಿ, ಮಂದಿರಗಳ ಫಲಕದಲ್ಲಿ ಹಾಕಬೇಕು. ನಾಲ್ಕನೆಯದಾಗಿ, ಉತ್ತರ ಕೊಡದ ಕಂಪನಿಯ ಪದಾರ್ಥವನ್ನು ದಾನದ ಹಣದಿಂದ ಕೊಳ್ಳಬಾರದು.

ಹೊಸದುರ್ಗ ಸೀಮೆಯ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಕರ್ನಾಟಕದ ಬಸದಿಗಳಿಗೆ ಭೂಮಿ ಬಿಟ್ಟ ದಾನಶಾಸನಗಳನ್ನು ನೋಡಿದವರಿಗೆ, ಗದ್ದೆ ಎಲ್ಲಿಯದು, ಎಷ್ಟು, ಮೂಡಣ ಗಡಿ ಯಾವುದು, ಪಡುವಣ ಗಡಿ ಯಾವುದು ಎಂಬುದನ್ನು ದಾನಿಗಳು ಎಷ್ಟು ಎಚ್ಚರದಿಂದ ಕಲ್ಲಿನಲ್ಲಿ ಕಡೆಯಿಸಿದರೆಂಬುದು ಗೊತ್ತು. ದಾನದ ವಸ್ತು ಎಲ್ಲಿಂದ ಬಂತೆಂಬುದನ್ನು ತಿಳಿದು ಕೊಡುವುದೇ ಆ ಪರಂಪರೆ. ಒಂದು ತುಂಡು ಹೊಲಕ್ಕೆ ನಾಲ್ಕು ಗಡಿಗಳನ್ನು ಬರೆಸಿದ ಸಮಾಜವು ಉಪವಾಸ ಮುಗಿಸಿದ ವೃದ್ಧೆಯ ಅಂಗೈಗೆ ಹಾಕುವ ಗುಳಿಗೆಯ ಮೂಲವನ್ನು ಬರೆಸಲಾರದೇ? ಮುಂದಿನ ಆರೋಗ್ಯ ಶಿಬಿರಕ್ಕೆ ಮಾತ್ರೆಗಳ ಬೇಡಿಕೆ ಬರೆಯುವ ದಿನವೇ ಟ್ರಸ್ಟುಗಳು ಈ ಪತ್ರವನ್ನೂ ಬರೆಯಲಿ.